ಮಣ್ಣಿಟ್ಟಿಗೆ ಒತ್ತಿದ ಹದಿನೈದು ದಿನ

ಮಣ್ಣಿಟ್ಟಿಗೆ ಒತ್ತುವ ಮಿಷನ್ನು ನಮ್ಮ ಹೊಲಕ್ಕೆ ಬಂದದ್ದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ನಾಗಮಂಗಲದ ಕಂಟ್ರಾಕ್ಟರೊಬ್ಬರದು. ಹದಿನೈದೇ ದಿನಕ್ಕೆ ಬಾಡಿಗೆ. ಆಮೇಲೆ ಬೇರೆ ಊರಿನವರು ಅದಕ್ಕೆ ಕಾದಿದ್ದರು, ತಪ್ಪಿದರೆ ಮುಂದಿನ ಬೇಸಿಗೆಯೇ ಗತಿ. ದೇವಲಾಪುರದ ಆಚೆಗಿನ ನಮ್ಮ ಕೆಂಪು ಮಣ್ಣನ್ನು ಅವರು ಮುಷ್ಟಿಯಲ್ಲಿ ಉಂಡೆ ಕಟ್ಟಿ ನೋಡಿ, “ಇದ್ಕಿಂತ ಒಳ್ಳೆ ಮಣ್ಣು ಬೇಕಾ? ಸುಡೋ ತಾಪತ್ರಯನೂ ಇಲ್ಲ” ಎಂದಿದ್ದರು.

ಆ ಇಟ್ಟಿಗೆಯಲ್ಲಿ ಕಟ್ಟಲಿದ್ದ ಹೊಸ ಮನೆ ಎಲ್ಲರಿಗಿಂತ ಹೆಚ್ಚಾಗಿ ಬೇಕಿದ್ದದ್ದು ನನಗೆ. ಕಿಕ್ಕೇರಿ ಕಡೆಯಿಂದ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಹಳೇ ಮನೆಯ ವಾಲಿದ ಗೋಡೆಗೆ ಆಸರೆ ಕೊಟ್ಟಿದ್ದ ಮರದ ಕಂಬ ನೋಡಿ, ಹೇಳಿ ಕಳಿಸುತ್ತೇವೆಂದು ಹೋದರು. ಹೇಳಿ ಕಳಿಸಲೇ ಇಲ್ಲ. ಎರಡನೆಯ ಸಲ ಬಂದವರೂ ಹುಡುಗಿಗಿಂತ ಗೋಡೆಯನ್ನೇ ಹೆಚ್ಚು ಹೊತ್ತು ನೋಡಿದರು. ನನಗಾಗ ಇಪ್ಪತ್ತಮೂರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಂದವರ ತಟ್ಟೆಗಳನ್ನು ತೊಳೆಯದೆ ಅಂಗಳಕ್ಕೆ ಎಸೆದಿದ್ದೆ.

ಅಣ್ಣ ಜರಡಿ ಹಿಡಿದ ಮಣ್ಣಿಗೆ ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸುತ್ತಿದ್ದ. ಆ ಹದವನ್ನು ಕಂಟ್ರಾಕ್ಟರು ಅವನೊಬ್ಬನಿಗೇ ಕಲಿಸಿದ್ದರಿಂದ ಬೇರೆಯವರನ್ನು ಹತ್ತಿರ ಬಿಡುತ್ತಿರಲಿಲ್ಲ. ನಾನು ಮಣ್ಣನ್ನು ಅಚ್ಚಿನ ಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕುತ್ತಿದ್ದೆ. ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಆಳುದ್ದದ ಕಬ್ಬಿಣದ ಹಿಡಿಯನ್ನು ಜಗ್ಗುತ್ತಿದ್ದಳು. ಕೈಬಲ ಸಾಲದು, ಮೈಭಾರವನ್ನೆಲ್ಲ ಬಿಟ್ಟು ಜೋತುಬೀಳಬೇಕು. ನಾನು ಒಣಕಲು ಕಡ್ಡಿ, ನಾನು ಜೋತುಬಿದ್ದರೆ ಹಿಡಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅತ್ತಿಗೆ ಜಗ್ಗಿದರೆ ಇಟ್ಟಿಗೆ ಮೂಲೆ ಮುಕ್ಕಾಗದೆ ಮೇಲೆದ್ದು ಬರುತ್ತಿತ್ತು.

ಆರನೆಯ ದಿನ ಬೆಳಿಗ್ಗೆ ಅವಳು ಹುಲ್ಲಿನ ಮೆದೆಯ ಹಿಂದೆ ಕೂತು ವಾಂತಿ ಮಾಡುತ್ತಿದ್ದದ್ದನ್ನು ನೋಡಿದೆ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

“ಯಾರ್ಗೂ ಏಳ್ಬ್ಯಾಡ ಕಣವ್ವ. ಮೂರು ತಿಂಗ್ಳಿಗೆ ಬಿತ್ತು. ನಿಮ್ಮಣ್ಣಂಗೂ ಏಳಿಲ್ಲ.”

ಬಸುರಿ ಇರುವ ಮನೆಯವರು ಹೊಸ ಮನೆ ಕಟ್ಟಬಾರದು ಎನ್ನುವುದು ನಮ್ಮ ಕಡೆಯ ನಂಬಿಕೆ. ಅವ್ವನಿಗೆ ತಿಳಿದಿದ್ದರೆ ಅಂದೇ ಮಿಷನ್ನು ವಾಪಸ್ಸಾಗುತ್ತಿತ್ತು. ಅದಕ್ಕೇ ಅತ್ತಿಗೆ ಹಿಂದಿನ ತಿಂಗಳು ಸುಳ್ಳುಸುಳ್ಳೇ ಮೂರು ದಿನ ಹೊರಗೆ ಕೂತಿದ್ದಳಂತೆ.

“ಹಿಡೀನ ಅಣ್ಣ ಜಗ್ಲಿ ಬುಡು, ಅತ್ಗೆ,” ಎಂದೆ.

“ಯಾಕೆ ಅಂತ ಕೇಳ್ದ್ರೆ ಏನಂತೀಯ? ಇನ್ನೊಂಬತ್ತು ದಿನ ತಾನೆ. ಈ ಮನೆ ಎದ್ರೆ ನಿಂಗೊಂದು ದಾರಿ ಆಯ್ತದೆ.”

ಉತ್ತರ ಹೊಳೆಯಲಿಲ್ಲವೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೊಳೆದಿತ್ತು. ಅತ್ತಿಗೆಗೆ ಬೆನ್ನುನೋವು ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಆದರೆ ಕೂಲಿಯವರನ್ನು ಕರೆಯಲು ದುಡ್ಡಿರಲಿಲ್ಲ, ಅಣ್ಣ ಎರಡೂ ಕೆಲಸ ಮಾಡಿದರೆ ದಿನಕ್ಕೆ ಅರ್ಧದಷ್ಟು ಇಟ್ಟಿಗೆಯೂ ಏಳುತ್ತಿರಲಿಲ್ಲ. ನನಗೆ ಮನೆ ಬೇಕಿತ್ತು. ಮಣ್ಣು ಹೊರುವ ಮಂಕರಿ ಎತ್ತಿಕೊಂಡು ಮಿಷನ್ನಿನ ಹತ್ತಿರ ಹೋದೆ, ಅವಳು ಹಿಂದೆಯೇ ಬಂದಳು.

ಹನ್ನೊಂದನೆಯ ದಿನ ಮಧ್ಯಾಹ್ನ ಹಿಡಿ ಜಗ್ಗಿ ನೆಟ್ಟಗಾದವಳು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದಳು. ಸೀರೆ ನೆನೆದಿತ್ತು. ಸಿಮೆಂಟು ಹೇರಿ ತಂದಿದ್ದ ಟ್ರಾಕ್ಟರಿನಲ್ಲೇ ನಾಗಮಂಗಲದ ಆಸ್ಪತ್ರೆಗೆ ಕರೆದೊಯ್ದೆವು. ಮಗು ಉಳಿಯಲಿಲ್ಲ. ಭಾರ ಜಗ್ಗಿದ್ದರಿಂದಲೇ ಹೀಗಾಯಿತೆಂದು ಡಾಕ್ಟರಮ್ಮ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಮನೆಗೆ ಬಂದ ದಿನವೇ ಅವ್ವ ಗೋಳಾಡಿದಳು. ಅವಳಿಗೆ ದುಃಖವೂ ಸಿಟ್ಟೂ ಒಂದೇ ಬಾಯಲ್ಲಿ ಬರುತ್ತಿದ್ದವು. “ಬಸ್ರೀನ ಮುಚ್ಚಿಟ್ಕಂಡು ಮನೆ ಕೆಲ್ಸಕ್ಕೆ ನಿಂತ್ಕಂಡ್ಲಲ್ಲಪ್ಪ! ಕೂಸ್ನ ಕೈಯಾರೆ ಕಳ್ಕಂಡ್ಬುಟ್ಲಲ್ಲ! ಯಾರಾದ್ರೂ ಒಬ್ರಿಗೆ ಏಳ್ಬಾರ್ದಾಗಿತ್ತಾ?”

ಅಣ್ಣ ತಲೆ ಎತ್ತಿ, “ಯಾರ್ಗೂ ಗೊತ್ತಿರ್ನಿಲ್ವಾ?” ಎಂದು ಕೇಳಿದ.

ಅತ್ತಿಗೆ ಚಾಪೆಯ ಮೇಲಿಂದ ನನ್ನ ಕಡೆ ನೋಡಿದಳು. “ಇಲ್ಲ, ಯಾರ್ಗೂ ಗೊತ್ತಿರ್ನಿಲ್ಲ” ಎಂದು ಗೋಡೆಯ ಕಡೆ ಹೊರಳಿದಳು.

ಉಳಿದ ಇಟ್ಟಿಗೆಗೆ ಅಣ್ಣ ಸಾಲ ಮಾಡಿ ಕೂಲಿಯವರನ್ನು ಕರೆದ. ಒತ್ತಿದ್ದನ್ನೆಲ್ಲ ಹುಲ್ಲು ಮುಚ್ಚಿ ಮೂರು ವಾರ ನೀರು ಹಾಕಿ ನೆನೆಸಬೇಕಿತ್ತು, ಆ ಕೆಲಸವನ್ನು ನಾನು ಯಾರಿಗೂ ಕೊಡಲಿಲ್ಲ. ಬಿಂದಿಗೆ ಹೊತ್ತು ಅತ್ತಿಗೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುತ್ತಿದ್ದೆ. ಅವಳು ಮೊದಲಿನ ಹಾಗೇ ಮಾತಾಡಿಸುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮನೆ ಎದ್ದಿತು. ಮರುವರ್ಷ ಪಾಂಡವಪುರದ ಕಡೆಯವರು ಅದರ ಹಜಾರದಲ್ಲೇ ಕೂತು ನನ್ನನ್ನು ಒಪ್ಪಿದರು. ಅತ್ತಿಗೆ ಮತ್ತೆ ಬಸುರಿಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ನನಗೆ ಅರಿಶಿನ ಹಚ್ಚುವ ದಿನ ಎಲ್ಲರಿಗಿಂತ ಮೊದಲು ಬಟ್ಟಲಿಗೆ ಕೈ ಹಾಕಿದವಳು ಅವಳೇ. ಅವ್ವ ಅವಳ ಮಣಿಕಟ್ಟು ಹಿಡಿದು, “ನೀನ್ ತಡಿಯವ್ವ, ಮಕ್ಳೊಂದಿಗ್ರು ಮೊದ್ಲು ಅಚ್ಲಿ” ಎಂದಳು. ಅಷ್ಟು ಹೆಂಗಸರ ಮುಂದೆ ಅತ್ತಿಗೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ನಗಲು ನೋಡಿ, ಹಿಂದಕ್ಕೆ ಸರಿದಳು. “ನಂಗೆ ಗೊತ್ತಿತ್ತು ಕಣವ್ವ, ನಂಗೋಸ್ಕರಾನೇ ಜಗ್ಗಿದ್ಲು” ಎಂದು ಅವ್ವನಿಗೆ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುವಂತಿರಲಿಲ್ಲ. ಪಕ್ಕದ ಮನೆಯ ಎರಡು ಮಕ್ಕಳ ತಾಯಿ ಬಟ್ಟಲು ಹಿಡಿದು ಬಂದಳು. ನಾನು ಕಣ್ಣು ಮುಚ್ಚಿ ಅವಳಿಗೆ ಕೆನ್ನೆ ಒಡ್ಡಿದೆ.