ನೊರೆ ದೊಡ್ಡಮ್ಮನ ಹಗ್ಗ

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ನೊರೆ ದೊಡ್ಡಮ್ಮ. ನೆಲದಡಿಯ ಕಚ್ಚಾ ಎಣ್ಣೆ ತೆಗೆಯುವ ಕಂಪನಿ ಬಂದಮೇಲೆ ಬಂದ ಹೆಸರು ಅದು. ಎಣ್ಣೆಯನ್ನು ಮೇಲೆ ತಳ್ಳಲು ಕಂಪನಿ ನೆಲದೊಳಕ್ಕೆ ನೀರು ನುಗ್ಗಿಸುತ್ತದೆ. ಆ ನೀರು ನಮ್ಮ ಪಕ್ಕದ ಕೊಳವೆಬಾವಿಗಳದ್ದೇ. ವರ್ಷ ತಿರುಗುವುದರೊಳಗೆ ಬೀದಿಯ ನಲ್ಲಿಗಳೆಲ್ಲ ಕೆಮ್ಮಿ ಕೆಮ್ಮಿ ಸುಮ್ಮನಾದವು. ಲಾರಿಯಲ್ಲಿ ಬರುವ ನೀರು ಕುಡಿಯಲು, ಬೇಯಿಸಲು ಸಾಕು; ಬಟ್ಟೆ ಒಗೆಯುವುದು ಕನಸಿನ ಮಾತು. ಆದರೆ ಕಾರ್ಮಿಕರ ಶೆಡ್ಡಿನ ಹಿಂದೆ, ಅವರ ಜಿಡ್ಡುಗಟ್ಟಿದ ನೀಲಿ ಸಮವಸ್ತ್ರ ಒಗೆಯುವ ಕಲ್ಲಿನ ಪಕ್ಕ, ದಿನವಿಡೀ ಕಂಪನಿಯ ನಲ್ಲಿಯಿಂದ ನೀರು ಧೋ ಎಂದು ಸುರಿಯುತ್ತದೆ. ಆ ಕಲ್ಲು ನಮ್ಮ ದೊಡ್ಡಮ್ಮನದು. ಹಿಂಡುವುದು, ಹರವುವುದು ನನ್ನ ಕೆಲಸ.

ಅಷ್ಟು ನೀರು ಕಂಡ ಮೇಲೆ ಸುಮ್ಮನಿರುವ ಹೆಂಗಸೇ ಅವಳು? ಗೇಟು ದಾಟುವ ಅವಳ ಗಂಟು ದಿನದಿಂದ ದಿನಕ್ಕೆ ಊದಿತು. ಮೇಲೆ ಎರಡು ನೀಲಿ ಪ್ಯಾಂಟು, ಒಳಗೆ ಇಡೀ ಬೀದಿಯ ಬಟ್ಟೆ!

"ದೊಡ್ಡಮ್ಮ, ಸಿಕ್ಕಿಬಿದ್ರೆ ಕೆಲಸಾನೂ ಹೋಗುತ್ತೆ, ನಲ್ಲೀನೂ ಹೋಗುತ್ತೆ!"

"ಮೊದ್ಲು ಕೊಳೆ ಹೋಗ್ಲಿ ಬಾರೇ," ಎಂದು ನನ್ನ ಮುಖಕ್ಕೇ ನೊರೆ ಎರಚಿದಳು.

ಸಿಕ್ಕಿಯೇಬಿದ್ದೆವು. ಸೋಪು ನೀರಿನಂತೆ ಖಾಲಿಯಾಗುತ್ತಿದೆಯೆಂದು ಸೂಪರ್‌ವೈಸರ್ ನೋಡಲು ಬಂದ. ಎಂಟು ತಿಂಗಳ ಹಿಂದೆ ನಮ್ಮ ಬೀದಿಗೇ ಸಂಸಾರ ಸಮೇತ ಬಾಡಿಗೆಗೆ ಬಂದವನು. ಸ್ನಾನ ಶೆಡ್ಡಿನಲ್ಲಿ, ಊಟ ಕ್ಯಾಂಟೀನಿನಲ್ಲಿ, ಮನೆಗೆ ಬರುವುದು ನಿದ್ದೆಗೆ ಮಾತ್ರ. ಹಗ್ಗದ ಮೇಲೆ ಪಟಪಟ ಹಾರುತ್ತಿದ್ದ ಹಳದಿ ಫ್ರಾಕನ್ನು ಕಿತ್ತು ಎತ್ತಿಹಿಡಿದ.

"ಇದು ಯಾವ ಕಾರ್ಮಿಕಂದು?"

"ಸ್ವಲ್ಪ ಕುಳ್ಳಗಿದಾರೆ ಸಾಹೇಬ್ರೇ," ಎಂದಳು ದೊಡ್ಡಮ್ಮ.

ಅಯ್ಯೋ, ಅಂಥ ಹೊತ್ತಿನಲ್ಲೂ ನನಗೆ ನಗು ಒತ್ತಿಕೊಂಡು ಬರುತ್ತಿತ್ತು! ಅವನು ಕೆಂಡವಾದ.

"ನಾಳೆಯಿಂದ ಬರ್ಬೇಡಿ. ಈ ನಲ್ಲಿಗೆ ಬೀಗ ಹಾಕಿಸ್ತೀನಿ."

ನನ್ನ ನಗು ಅಲ್ಲಿಗೇ ನಿಂತಿತು. ಬೀದಿಗಿದ್ದದ್ದು ಅದೊಂದೇ ಧಾರೆ. ದೊಡ್ಡಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು, ಹಗ್ಗದ ಮೇಲಿನ ಪಟ್ಟೆಪಟ್ಟೆ ಹೊದಿಕೆಯನ್ನು ಎಳೆದು ಮಡಚತೊಡಗಿದಳು. ಅವನು ಅದನ್ನೇ ನೋಡಿದ. ದಿನಾ ಹೊದ್ದು ಮಲಗುವ ಹೊದಿಕೆ ಯಾರಿಗೆ ಗೊತ್ತಾಗುವುದಿಲ್ಲ?

"ಇದು... ನಮ್ಮನೇದು."

"ಹೌದು. ನಿಮ್ಮನೆ ನಲ್ಲೀನೂ ಬತ್ತಿ ಆರು ತಿಂಗಳಾಯ್ತು," ಎಂದು ದೊಡ್ಡಮ್ಮ ಹೊದಿಕೆಯನ್ನು ಅವನ ಕೈಗಿಟ್ಟಳು. "ಆ ಫ್ರಾಕೂ ಒಣಗಿದೆ, ಹೋಗ್ತಾ ತಗೊಂಡ್ಹೋಗಿ. ನಿಮ್ಮ ಮಗಳದೇ."

ಅವನು ಫ್ರಾಕನ್ನು ತಿರುಗಿಸಿ ತಿರುಗಿಸಿ ನೋಡಿದ. ಭುಜದಿಂದ ಅಂಚಿನವರೆಗೆ ಗೇಣು ಹಾಕಿ ಅಳೆದ. ಮತ್ತೊಮ್ಮೆ ಅಳೆದ.

"ಇಷ್ಟುದ್ದ ಆಗಿದಾಳಾ?" ಎಂದ.

ಬೀಗ ಇವತ್ತಿನವರೆಗೂ ಬಂದಿಲ್ಲ, ನಮ್ಮ ಕೆಲಸವೂ ಹೋಗಿಲ್ಲ. ಅವತ್ತು ಅವನು ನಾಲ್ಕು ಗಂಟೆಗೇ, ಇನ್ನೂ ಬಿಸಿಲಿರುವಾಗಲೇ, ಫ್ರಾಕು ಹಿಡಿದುಕೊಂಡು ಮನೆಗೆ ಹೊರಟ.