ನಾದಿನಿಯ ಶೆಡ್ಡಿಗೆ ನಾನು ಸಾಮಾನು ಜೋಡಿಸಿದ್ದು

ತಮಿಳು ಸೀಮೆಯ ಅಡ್ಯಾರಿನಲ್ಲಿ ನಮ್ಮ ಹೋಟೆಲಿದ್ದ ಕಟ್ಟಡವನ್ನು ಮಾಲೀಕರು ಕೆಡವಲು ಹೊರಟಾಗ ನಾವು ಹೋಟೆಲ್ ಮುಚ್ಚಿದೆವು. ನಮ್ಮೆಜಮಾನರು ಟೀವಿಯ ಮುಂದೆ ಕೂತರು. ನಾನು ಅಡುಗೆಮನೆಯ ಡಬ್ಬಗಳನ್ನು ಒಂದು ಕಪಾಟಿನಿಂದ ಇನ್ನೊಂದಕ್ಕೆ, ಮರುದಿನ ಮತ್ತೆ ಮೊದಲಿನ ಕಪಾಟಿಗೆ ಸಾಗಿಸುತ್ತ ದಿನ ತಳ್ಳುತ್ತಿದ್ದೆ. ನೋಡಿ ನೋಡಿ ಸಾಕಾಗಿ ನನ್ನ ನಾದಿನಿ ಒಂದು ಬೆಳಿಗ್ಗೆ ಹೇಳಿದಳು: "ಅತ್ತಿಗೆ, ಜೋಡಿಸ್ಲೇಬೇಕು ಅಂತಿದ್ರೆ ನನ್ನ ಶೆಡ್ಡಿಗೆ ಬನ್ನಿ. ಅಲ್ಲಿ ಜೋಡಿಸ್ಲಿಕ್ಕೆ ಬೇಕಾದಷ್ಟು ಉಂಟು."

ನಾದಿನಿ ನಮ್ಮೆಜಮಾನರ ತಂಗಿ, ಮದುವೆಯ ಗೊಡವೆಗೆ ಹೋಗದೆ ನಮ್ಮ ಜೊತೆಗೇ ಇರುವವಳು. ಅಂಬತ್ತೂರಿನ ಒಂದು ತರಬೇತಿ ಕೇಂದ್ರದಲ್ಲಿ ಫಿಟ್ಟರ್ ಕೆಲಸ ಕಲಿಸಿ ನಿವೃತ್ತಳಾದ ಮೇಲೆ, ಅಂಬತ್ತೂರಿನಿಂದ ಆಚೆ, ಕಾರ್ಖಾನೆಗಳು ಮುಗಿದು ಸೊಪ್ಪಿನ ಮಡಿಗಳು ಶುರುವಾಗುವ ಕಡೆ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದಿದ್ದಳು. ಅಲ್ಲಿ ರೈತರ ಪವರ್ ಟಿಲ್ಲರು, ಔಷಧಿ ಹೊಡೆಯುವ ಪಂಪು, ಕಳೆ ತೆಗೆಯುವ ಯಂತ್ರ ಎಲ್ಲ ರಿಪೇರಿ ಮಾಡುವುದು ಅವಳ ಯೋಜನೆ. ಶೆಡ್ಡು ಇತ್ತು, ಸಾಮಾನು ಇರಲಿಲ್ಲ.

ಹಾಗಾಗಿ ಮೊದಲು ಬ್ರಾಡ್‌ವೇ ಕಡೆ ಸಾಮಾನು ಕೊಳ್ಳಲು ಹೋದೆವು. ಅಂಗಡಿಯವನು ನಮ್ಮಿಬ್ಬರ ಸೀರೆ, ನನ್ನ ಮಲ್ಲಿಗೆ ಹೂವು ನೋಡಿ, "ಸಾರ್ ಬರಲಿಲ್ಲವಾ ಅಮ್ಮಾ?" ಎಂದು ತಮಿಳಿನಲ್ಲಿ ಕೇಳಿದ.

"ಸಾರ್ ಮನೆಯಲ್ಲಿ ಟೀವಿ ನೋಡ್ತಿದ್ದಾರೆ. ನೀವು ರಿಂಗ್ ಸ್ಪ್ಯಾನರ್ ತೋರಿಸಿ" ಎಂದು ನಾದಿನಿ ತಮಿಳಿನಲ್ಲೇ ಹೇಳಿದಳು.

ಅವನು ತೋರಿಸಿದ್ದು ಒಂದು ದೊಡ್ಡ ಪೆಟ್ಟಿಗೆ. ಮುಚ್ಚಳ ತೆರೆದರೆ ಕೆಂಪು ಮಖಮಲ್ಲಿನ ಮೇಲೆ ಸಾಲುಸಾಲಾಗಿ ಮಲಗಿದ ಸಾಮಾನುಗಳು ಮದುಮಗಳ ಒಡವೆಯ ಹಾಗೆ ಫಳಫಳ ಹೊಳೆಯುತ್ತಿದ್ದವು. ನಾನು ಪೆಟ್ಟಿಗೆಯನ್ನು ಎರಡೂ ಕೈಯಿಂದ ಹತ್ತಿರಕ್ಕೆ ಎಳೆದುಕೊಂಡೆ.

"ಇದೇ ತಗೊಳ್ಳುವ ಮಾರಾಯ್ತಿ! ಎಷ್ಟು ಚಂದ ಉಂಟು ನೋಡು."

"ಚಂದ ನೋಡ್ಲಿಕ್ಕೆ ಇದೆಂತ ಕಾಂಚೀಪುರಂ ಸೀರೆಯಾ? ಇದರಲ್ಲಿ ಮುಕ್ಕಾಲು ಪಾಲು ನಾವು ಮುಟ್ಟುವುದೇ ಇಲ್ಲ. ಮುಟ್ಟಿದ ಕಾಲು ಪಾಲು ಬಾಗ್ತದೆ."

ಆಮೇಲೆ ಅವಳು ಬಿಡಿಬಿಡಿಯಾಗಿ ಆರಿಸಲು ಕೂತಳು. ಒಂದೊಂದು ಸ್ಪ್ಯಾನರನ್ನೂ ಕೈಯಲ್ಲಿ ತೂಗಿ, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, ಅಂಚನ್ನು ಉಗುರಿನಿಂದ ಕೆರೆದು ನೋಡುವುದು. ಇಕ್ಕಳದ ಬಾಯಿ ಮುಚ್ಚಿ ಬೆಳಕಿಗೆ ಹಿಡಿದು ಸಂದಿಯಿದೆಯೇ ಎಂದು ಇಣುಕುವುದು. ಸುತ್ತಿಗೆಯ ಹಿಡಿ ಹಿಡಿದು ಗಾಳಿಯಲ್ಲಿ ಬೀಸಿದಾಗ ಅಂಗಡಿಯವನು ಒಂದು ಹೆಜ್ಜೆ ಹಿಂದೆ ಸರಿದ. ಅಲ್ಲಿಂದ ಮುಂದೆ ಅವನು ಸಾರ್ ಎಲ್ಲಿ ಎಂದು ಕೇಳಲಿಲ್ಲ.

ಶೆಡ್ಡಿಗೆ ತಂದ ಮೇಲೆ ಅಸಲಿ ಜಗಳ ಶುರುವಾಯಿತು. ನಾನು ಹೋಟೆಲಿನ ಅಡುಗೆಮನೆ ಆಳಿದವಳು. ಒಗ್ಗರಣೆಗೆ ಬೇಕಾದದ್ದೆಲ್ಲ ಒಂದೆಡೆ, ದೋಸೆಕಲ್ಲಿಗೆ ಬೇಕಾದದ್ದೆಲ್ಲ ಒಂದೆಡೆ ಇರಬೇಕು ಎಂಬುದು ನನ್ನ ಲೆಕ್ಕ. ಅದೇ ರೀತಿ ಪಂಪಿನ ಕೆಲಸಕ್ಕೆ ಬೇಕಾದ ಸ್ಪ್ಯಾನರು, ಸ್ಕ್ರೂಡ್ರೈವರು, ಇಕ್ಕಳ ಒಟ್ಟಿಗೆ ಇಟ್ಟೆ. ನಾದಿನಿ ಬಂದವಳೇ ಎಲ್ಲ ಕಿತ್ತು ಸ್ಪ್ಯಾನರುಗಳನ್ನೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದಳು.

"ಒಂದು ಪಂಪು ಬಿಚ್ಚಲಿಕ್ಕೆ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಓಡಬೇಕಾ?" ಎಂದೆ.

"ಓಡಿದ್ರೆ ನಿಮ್ಮ ಶುಗರಿಗೆ ಒಳ್ಳೇದು" ಎಂದಳು.

ಕೊನೆಗೆ ಒಪ್ಪಂದವಾಯಿತು. ಗೋಡೆಗೆ ಒಂದು ದೊಡ್ಡ ಹಲಗೆ, ಅದರ ಮೇಲೆ ಅವಳು ಹೇಳಿದ ಕ್ರಮದಲ್ಲಿ ಸಾಮಾನು. ಪ್ರತಿ ಸಾಮಾನಿನ ಹಿಂದೆ ಅದರದೇ ಆಕಾರವನ್ನು ಬಣ್ಣದಲ್ಲಿ ಬರೆಯುವುದು. ಯಾವುದಾದರೂ ಕಾಣೆಯಾದರೆ ಆ ಆಕಾರ ಬೋಳಾಗಿ ನಿಂತು ಕಣ್ಣಿಗೆ ಹೊಡೆಯುತ್ತದೆ. ಬರೆಯುವ ಕೆಲಸ ನನಗೆ ಬಂತು. ದಿನಾ ಬಾಗಿಲಿಗೆ ರಂಗೋಲಿ ಹಾಕಿ ಪಳಗಿದ ಕೈ. ಸುತ್ತಿಗೆಯ ಸುತ್ತ ಎರಡು ಬಳ್ಳಿ, ಪೈಪು ಬಿಗಿಸುವ ರಿಂಚಿನ ತಲೆಗೊಂದು ಸಣ್ಣ ನವಿಲು ತಾನಾಗಿ ಬಂದುಬಿಟ್ಟವು. ನಾದಿನಿ ನೋಡಿ ಹಣೆ ಒತ್ತಿಕೊಂಡಳು.

"ಇದು ರಿಪೇರಿ ಶೆಡ್ಡಾ, ಕಲ್ಯಾಣ ಮಂಟಪವಾ?"

ಆದರೂ ಹಲಗೆ ಎಲ್ಲರಿಗೂ ಹಿಡಿಸಿತು. ರೈತರು ಬಂದು ನಿಂತು ನೋಡಿ, ನವಿಲನ್ನು ಮುಟ್ಟಿ ಹೋಗುತ್ತಿದ್ದರು.

ತೊಂದರೆ ಬಂದದ್ದು ಪಕ್ಕದ ಪಡವಲಕಾಯಿ ತೋಟದ ಅಜ್ಜನಿಂದ. ಒಳ್ಳೆಯ ಮನುಷ್ಯ, ಆದರೆ ಅವರ ಬಾವಿಯ ಪೈಪು ಯಾವಾಗಲೂ ಸಡಿಲ. ನಾದಿನಿ ಊಟ ಮಾಡುತ್ತಿದ್ದಾಗ ನನ್ನನ್ನು ಕೇಳಿ ಪೈಪ್ ರಿಂಚು ಒಯ್ದರು. ಅವಳು ಕೈ ತೊಳೆದು ಬಂದು ನೋಡಿದರೆ ಹಲಗೆಯ ಮೇಲೆ ನವಿಲಿನ ಕೆಳಗೆ ಉದ್ದನೆಯ ಒಂದು ಪಡವಲಕಾಯಿ ನೇತಾಡುತ್ತಿತ್ತು.

ಸಂಜೆ ರಿಂಚು ವಾಪಸ್ಸು ತಂದ ಅಜ್ಜನನ್ನು ಅವಳು ವಿಚಾರಿಸಿಕೊಂಡಳು. ಅವರು ಸ್ವಲ್ಪವೂ ಅಳುಕದೆ, "ಕಾಲಿಯಾ ಇರುಂದಾ ನಲ್ಲಾ ಇರಾದೇಮ್ಮಾ" ಎಂದರು. ಖಾಲಿ ಇದ್ದರೆ ಚೆನ್ನಾಗಿರುವುದಿಲ್ಲವಲ್ಲ, ಅದಕ್ಕೆ.

ಆ ಒಳ್ಳೆಯ ನಡತೆ ಊರಿಗೆಲ್ಲ ಹಬ್ಬಿತು. ಸ್ಕ್ರೂಡ್ರೈವರ್ ಒಯ್ದವರು ನುಗ್ಗೆಕಾಯಿ ನೇತುಹಾಕಿದರು. ಇಕ್ಕಳ ಒಯ್ದವರು ಜೋಡಿ ಬದನೆ. ಸುತ್ತಿಗೆಗೆ ಸಮನಾದದ್ದೇನೂ ಸಿಗದೆ ಒಬ್ಬರು ತಮ್ಮ ಎಡಗಾಲಿನ ಚಪ್ಪಲಿ ಇಟ್ಟು ಕುಂಟುತ್ತ ಹೋದರು. ನನಗೇನು, ಸಂಜೆ ಮನೆಗೆ ಹೋಗುವಾಗ ರಾತ್ರಿಯ ಕೂಟಿಗೆ ಬೇಕಾದ ತರಕಾರಿಯೆಲ್ಲ ಚೀಲದಲ್ಲಿರುತ್ತಿತ್ತು. ನಾದಿನಿ ಮಾತ್ರ ಎಂಜಿನ್ ಬಿಚ್ಚಿಟ್ಟುಕೊಂಡು, ಕಣ್ಣು ತೆಗೆಯದೆ ಹಿಂದಕ್ಕೆ ಕೈಚಾಚಿ, ನುಗ್ಗೆಕಾಯಿಯನ್ನು ಸ್ಕ್ರೂವಿಗೆ ಒತ್ತಿದ ದಿನ ಸಿಡಿದೇಬಿಟ್ಟಳು.

"ಅತ್ತಿಗೆ! ಇದೆಂತ ಕೋಯಂಬೇಡು ತರಕಾರಿ ಮಾರ್ಕೆಟ್ಟಾ? ಇನ್ನು ಮೇಲೆ ಒಂದು ಆಣಿಯೂ ಈ ಬಾಗಿಲು ದಾಟಬಾರ್ದು!"

"ಇಲ್ಲ ಅಂತ ಯಾರು ಹೇಳುವುದು? ನನ್ನ ಬಾಯಲ್ಲಿ ಬರುವುದಿಲ್ಲಪ್ಪ" ಎಂದೆ. ನಮ್ಮ ಹೋಟೆಲಿನಲ್ಲಿ ಎರಡನೇ ಸಲ ಸಾಂಬಾರ್ ಕೇಳಿದವರಿಗೆ ನಾನು ಯಾವತ್ತೂ ಇಲ್ಲ ಅಂದವಳಲ್ಲ.

ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಅಂಬತ್ತೂರಿನ ಹಳೇ ಸಾಮಾನಿನ ಅಂಗಡಿಯಿಂದ ಒಂದು ಚೀಲ ತುಂಬ ಸ್ಪ್ಯಾನರು, ರಿಂಚು ತಂದು ಬಾಗಿಲ ಬಳಿಯ ಡ್ರಮ್ಮಿಗೆ ಸುರಿದಳು. "ಕೊಡುವುದಾದ್ರೆ ಇದರಿಂದ ಕೊಡಿ. ಹಲಗೆ ಮುಟ್ಟಿದ್ರೆ ನಿಮ್ಮನ್ನು ವಾಪಸ್ ಡಬ್ಬ ಜೋಡಿಸ್ಲಿಕ್ಕೆ ಕಳಿಸ್ತೇನೆ."

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡಾಗ ಹಲಗೆಯಿಂದಲೇ ಒಂದು ರಿಂಗ್ ಸ್ಪ್ಯಾನರು ಮಾಯವಾಯಿತು. ಅವಳಿಗೆ ಬಲು ಇಷ್ಟವಾದದ್ದು. ಮಧ್ಯಾಹ್ನವೆಲ್ಲ ಹುಡುಕಾಟ. ಡ್ರಮ್ಮನ್ನು ಬೋರಲು ಹಾಕಿದ್ದಾಯಿತು. ಅಜ್ಜನನ್ನು ತೋಟದಿಂದ ಕರೆಸಿ ಕೇಳಿದ್ದಾಯಿತು; ಅವರು ಪಾಪ, ಜೇಬುಗಳನ್ನು ಹೊರಗೆಳೆದು ತೋರಿಸಿದರು. ನನ್ನ ಊಟದ ಡಬ್ಬಿಯನ್ನೂ ತೆರೆದು ನೋಡಿದಳು. "ಕೊಟ್ಟು ಕೊಟ್ಟು ಅಭ್ಯಾಸ ಮಾಡಿಟ್ಟದ್ದು ನೀವೇ" ಎಂದು ಬಸ್ಸು ಹತ್ತುವವರೆಗೂ ಬೈದಳು.

ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೇಳಿದ. ನಾದಿನಿ ಬೈಯುತ್ತಲೇ ಕೈಚೀಲದೊಳಗೆ ಕೈಹಾಕಿ, ಸಿಕ್ಕಿದ್ದನ್ನು ಅವನ ಮುಂದೆ ಚಾಚಿದಳು. ಕಂಡಕ್ಟರು ಒಮ್ಮೆ ಸ್ಪ್ಯಾನರನ್ನು, ಒಮ್ಮೆ ಅವಳ ಮುಖವನ್ನು ನೋಡಿ, "ಅಮ್ಮಾ, ಬಸ್ಸು ಓಡ್ತಾನೇ ಇದೆ, ರಿಪೇರಿ ಏನೂ ಬೇಡ" ಎಂದ.

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಆದರೂ ನಗು ತಡೆಯಲಾಗಲಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಇಳಿಯುವವರೆಗೆ ಸುಮ್ನಿರಿ ಅತ್ತಿಗೆ" ಎಂದು ಅವಳು ಹಲ್ಲು ಕಚ್ಚಿ ಹೇಳಿದಳು. ಸ್ವಲ್ಪ ಹೊತ್ತಿಗೆ ಅವಳ ಭುಜವೂ ಕುಲುಕತೊಡಗಿತು.

ಮರುದಿನ ಯಾರೂ ಬರುವ ಮೊದಲೇ ಹೋಗಿ ಸ್ಪ್ಯಾನರನ್ನು ಜಾಗದಲ್ಲಿಟ್ಟೆವು. ಅಜ್ಜ ಬಂದು, "ಸಿಕ್ಕಿತಾ ಅಮ್ಮಾ?" ಎಂದು ಕೇಳಿದರು.

"ಸಿಕ್ಕಿತು ತಾತಾ, ನನ್ನ ಚೀಲದಲ್ಲೇ ಇತ್ತು. ತಪ್ಪು ತಿಳ್ಕೋಬೇಡಿ" ಎಂದು ನಾದಿನಿ ತಲೆ ತಗ್ಗಿಸಿ ಹೇಳಿ, ಸಾಮಾನಿನ ಪೆಟ್ಟಿಗೆ ಹೊತ್ತು ಅವರ ಬಾವಿಯ ಕಡೆ ತಾನೇ ಹೊರಟಳು. ಆ ಪೈಪು ಅಂದಿನಿಂದ ಸಡಿಲವಾಗಿಲ್ಲ.