ಗಂಡನನ್ನು ಬೇಡುವ ಹಾಡು

ಇವತ್ತು ಕೆಳಗಿನ ಫ್ಲ್ಯಾಟಿನ ಹುಡುಗಿ ಗಿಟಾರ್ ಹಿಡಿದು ಅದೇ ಹಳೆಯ ಅಮೆರಿಕದ ಹಳ್ಳಿ ಹಾಡು ಹಾಡುತ್ತಿದ್ದಳು. ನನ್ನ ಗಂಡನನ್ನು ಬಿಟ್ಟುಕೊಡು ಎಂದು ಹೆಂಡತಿಯೊಬ್ಬಳು ಇನ್ನೊಬ್ಬಳನ್ನು ಬೇಡುವ ಹಾಡು. ಕಾಲೇಜಿನ ಇಂಗ್ಲಿಷ್ ಅರ್ಧ ಮರೆತಿದ್ದೇನೆ, ಇದರ ಅರ್ಥ ಮಾತ್ರ ಮರೆತಿಲ್ಲ. ನನ್ನ ಹೆಂಡತಿ ಇದ್ದಾಗ ಅವಳೂ ಇದನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಪಾಪ. ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ನಾನು ಚಿಕ್ಕವನಿದ್ದಾಗ ಕೋಥರೂಡದ ನಮ್ಮ ಮನೆಯಲ್ಲಿ ಅಪ್ಪ ಭಾನುವಾರ ದಾಡಿ ಮಾಡಿಕೊಳ್ಳುತ್ತ ಇದರ ಕ್ಯಾಸೆಟ್ ಹಾಕುತ್ತಿದ್ದ. ಆಮೇಲೆ ಪೌಡರ್ ಬಳಿದುಕೊಂಡು, ಸ್ಕೂಟರ್ ಒರೆಸಿ, ಊರಿನ ಇನ್ನೊಂದು ಬದಿಗಿದ್ದ ಬಿಬವೇವಾಡಿಯ ಒಬ್ಬ ಹೆಂಗಸಿನ ಮನೆಗೆ ಹೋಗುತ್ತಿದ್ದ. ಎಲ್ಲರಿಗೂ ಗೊತ್ತಿತ್ತು. ಒಂದು ಭಾನುವಾರ ಅಜ್ಜಿ ಅವ್ವನಿಗೇ ಬುದ್ಧಿ ಹೇಳಿದಳು: "ಆಕಿಗೆ ಉಡಿ ತುಂಬಿ, ಸೆರಗೊಡ್ಡಿ ಕೇಳವಾ. ನಿನ್ನ ಗಂಡನ್ನ ಬಿಟ್ಟುಕೊಡ್ತಾಳ."

ಅಪ್ಪ ಸಾಬೂನಿನ ನೊರೆಯೊಳಗಿಂದಲೇ ನಕ್ಕ. "ಈ ಹಾಡಿನಾಗೂ ಅದೇ ಅದ. ಹೆಂಡ್ತಿ ಅಂದ್ರ ಹಿಂಗಿರಬೇಕು."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಆಕಿ ನಿಮ್ಮನ್ನ ಬಗಲಾಗ ಎತ್ಕೊಂಡು ಹೋದಳೇನ್ರಿ? ಸ್ಕೂಟರ್ ಹತ್ತಿ ನೀವೇ ಹೋಗೀರಿ. ನಾ ಯಾಕ ಆಕಿನ್ನ ಬೇಡ್ಲಿ? ಇವತ್ತ ಹೋದ್ರ ಅಲ್ಲೇ ಇರ್ರಿ."

ಅಪ್ಪ ಹೋದ. ಸಂಜೆ ಬಂದಾಗ ಅವ್ವ ಬಾಗಿಲು ತೆಗೆಯಲಿಲ್ಲ. ನಮ್ಮ ಬಳಗದವರು ಇಂದಿಗೂ ಅವಳನ್ನೇ ಸೊಕ್ಕಿನವಳು ಎನ್ನುತ್ತಾರೆ.

ಕೆಳಗೆ ಹಾಡು ಮುಗಿದು ಚಪ್ಪಾಳೆ ಬಿತ್ತು. ಬೇಡುವ ಹೆಂಡತಿ ಯಾವ ಕಾಲದವರಿಗೂ ಇಷ್ಟವಾಗುತ್ತಾಳೆ. ಇಷ್ಟು ವರ್ಷ ಇಷ್ಟು ಜನ ಕೇಳಿದರಲ್ಲ, ಆ ಗಂಡ ಎಲ್ಲಿ ಹಾಳಾಗಿ ಹೋಗಿದ್ದಾನೆ ಎಂದು ಒಬ್ಬರೂ ಕೇಳಲಿಲ್ಲ.